ಅಕ್ಕನಿಗೆ ಟಿಕೆಟ್ಟು

ಬೆಳಗ್ಗೆ ಷರಟು ಒಗೆಯಲು ಹಾಕುವಾಗ ಜೇಬಿನಿಂದ ಒಂದು ಬಸ್ ಟಿಕೆಟ್ಟು ಬಿತ್ತು. ಕನಕಪುರದಿಂದ ರಾಮನಗರಕ್ಕೆ. ಅದು ನಮ್ಮ ಅಕ್ಕನದು. ಹೆಂಗಸರಿಗೆ ಬಸ್ಸು ಪುಕ್ಕಟೆ ಅಲ್ಲವಾ, ಅಕ್ಕನಿಗ್ಯಾಕೆ ಟಿಕೆಟ್ಟು ಅಂತೀರಾ? ಹೇಳ್ತೀನಿ ಕೇಳಿ. ಹೇಳಿಕೊಳ್ಳದೆ ಇದ್ದರೆ ನನಗೆ ಅನ್ನ ಸೇರುವುದಿಲ್ಲ.

ಅಕ್ಕನನ್ನು ಕೊಟ್ಟಿದ್ದು ಡೆಂಕಣಿಕೋಟೆ ಕಡೆಗೆ. ಗಡಿಯಾಚೆ ಅಂತ ಹೆಸರಿಗೆ, ಅಲ್ಲೂ ರಾಗಿ ಹೊಲ, ಅಲ್ಲೂ ನಮ್ಮದೇ ಮಾತು. ರಾಜ್ಯ ಮಾತ್ರ ತಮಿಳುನಾಡು. ಭಾವ ಹಬ್ಬಕ್ಕೆ ಬಂದರೆ ಎಲೆ ಹಾಕುವ ಮೊದಲೇ ನಮ್ಮಿಬ್ಬರದು ಶುರುವಾಗುತ್ತಿತ್ತು. ‘ನಮ್ ಕಡೆ ಮಿಕ್ಸಿ ಕೊಟ್ರು, ಫ್ಯಾನ್ ಕೊಟ್ರು, ನಿಮ್ ಗೌರ್ಮೆಂಟು ಏನ್ಲಾ ಕೊಡ್ತು?’ ಅಂತ ಭಾವ. ‘ಕಾವೇರಿ ಹುಟ್ಟೋದು ನಮ್ಮಲ್ಲಿ ಭಾವ’ ಅಂತ ನಾನು. ಕಾವೇರಿಯನ್ನು ನಾನೇ ಹೆತ್ತವನ ಹಾಗೆ ಎದೆಯುಬ್ಬಿಸಿ ಹೇಳುತ್ತಿದ್ದೆ ನೋಡಿ. ‘ಹುಟ್ಟುದ್ರೆ ಸಾಕೇನ್ಲಾ, ನಿಮ್ ನಲ್ಲೀಲಿ ಬತ್ತಾಳಾ?’ ಅಂದುಬಿಡುತ್ತಿದ್ದರು. ನಮ್ಮ ನಲ್ಲಿ ಆಗ ವಾರಕ್ಕೊಂದು ಸಲ ಬಂದರೆ ಪುಣ್ಯ. ಅಕ್ಕ ಒಳಗಿನಿಂದ, ‘ಯಾವ ಗೌರ್ಮೆಂಟೂ ನಿಮ್ಗೆ ಹಿಟ್ಟು ತೊಳಸಿ ಇಕ್ಕಾಕಿಲ್ಲ, ಎದ್ದು ಉಣ್ಣಿ’ ಅನ್ನುತ್ತಿದ್ದಳು. ಅವಳಿಗೆ ಮಾತ್ರ ಎರಡೂ ಕಡೆ ಸ್ವಂತ.

ಹೋದ ವರ್ಷ ಭಾವ ತೀರಿಕೊಂಡರು. ಮಕ್ಕಳಿರಲಿಲ್ಲ. ಮನೆಗೆ ಭಾವನ ತಮ್ಮನ ಸಂಸಾರ ಬಂತು. ಅಕ್ಕನನ್ನು ಕರೆದುಕೊಂಡು ಬರಲು ಹೋದೆ. ಹೊರಡುವ ಮುಂಚೆ ಅವಳೇ ಓಡಾಡಿ ಅಲ್ಲಿನ ರೇಷನ್ ಕಾರ್ಡಿನಿಂದ ಹೆಸರು ತೆಗೆಸಿಕೊಂಡಳು, ಮನೆ ಖಾಲಿ ಮಾಡುವವರು ಒಲೆ ಸಾರಿಸಿ ಬರುವ ಹಾಗೆ. ‘ತವರಿಗೆ ಹೋಯ್ತಿವ್ನಿ, ಇಲ್ಯಾಕೆ ನನ್ ಹೆಸ್ರು’ ಅಂದಳು. ದಾರಿಯುದ್ದಕ್ಕೂ ಅವಳ ಮುಖದಲ್ಲಿ ಒಸಿ ಗೆಲುವಿತ್ತು.

ಇಲ್ಲಿ ಸೇರಿಸಬೇಕಲ್ಲ! ಆಧಾರ್ ಕಾರ್ಡಿನ ವಿಳಾಸ ಬದಲಾಯಿಸಲು ಇಲ್ಲಿನ ಪುರಾವೆ ತನ್ನಿ ಅಂದರು. ಪುರಾವೆಗೆ ಅಂತ ನಮ್ಮ ರೇಷನ್ ಕಾರ್ಡಿಗೆ ಅವಳ ಹೆಸರು ಸೇರಿಸಲು ಹೋದರೆ, ಮೊದಲು ವಿಳಾಸ ಬದಲಾಯಿಸಿ ಅಂದರು. ಇನ್ನೊಂದು ದಿನ ಸರ್ವರ್ ಇಲ್ಲ. ಅಕ್ಕ ಪ್ರತಿ ಸಲವೂ ಹೊಸ ಸೀರೆಯುಟ್ಟು ನನ್ನ ಜೊತೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದಳು.

ಹೋದ ಶನಿವಾರ ರಾಮನಗರದಾಚೆ ಕೆಂಗಲ್ ಆಂಜನೇಯನ ಗುಡಿಗೆ ಹೋಗೋಣ ಅಂದಳು. ಬಸ್ಸಿನಲ್ಲಿ ಎಲ್ಲ ಹೆಂಗಸರ ಹಾಗೆ ಅವಳೂ ಆಧಾರ್ ಕಾರ್ಡು ಹಿಡಿದು ಕೂತಳು. ಕಂಡಕ್ಟರು ಹೊರಳಿಸಿ ನೋಡಿದ.

‘ಅಮ್ಮ, ಇದು ತಮಿಳುನಾಡು ಕಾರ್ಡು. ಟಿಕೆಟ್ ತಗೋಬೇಕು.’

‘ನಾನು ಇದೇ ಊರೋಳು ಕಣಪ್ಪ. ಹುಟ್ಟಿದ್ದೇ ಕನಕಪುರ.’

‘ನಂಗೊತ್ತಾಗಲ್ವಾ ನಿಮ್ ಮಾತ್ನಲ್ಲೇ? ಆದ್ರೆ ಚೆಕಿಂಗ್ ಬಂದ್ರೆ ನಾನ್ ಸಿಗಾಕೊತೀನಿ.’

ಅವನ ತಪ್ಪೇನೂ ಇಲ್ಲ. ನಾನು ದುಡ್ಡು ಕೊಟ್ಟು ಟಿಕೆಟ್ಟು ಜೇಬಿಗಿಟ್ಟುಕೊಂಡೆ. ಪಕ್ಕದಲ್ಲಿದ್ದ ಹೆಂಗಸು, ‘ಯಾವ ಕಡೆಯೋರಮ್ಮ ನೀವು?’ ಅಂತ ಸುಮ್ಮನೆ ಮಾತಿಗೆ ಕೇಳಿತು. ಅಕ್ಕ ಕೈಯಲ್ಲಿದ್ದ ಕಾರ್ಡನ್ನು ಮಗುಚಿ ಹಿಡಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಕಿಟಕಿ ಕಡೆ ತಿರುಗಿದಳು. ಭಾವ ಇದ್ದಿದ್ದರೆ, ನಿಮ್ಮ ರಾಜ್ಯವೇ ಚೆನ್ನ ಅಂತ ಕಾಲಿಗೆ ಬಿದ್ದು ಒಪ್ಪಿಕೊಳ್ಳುತ್ತಿದ್ದೆ. ಒಪ್ಪಿಕೊಂಡು ತಾನೇ ಏನು ಬಂತು, ಅಲ್ಲೂ ಅವಳ ಹೆಸರಿಲ್ಲ.

ಟಿವಿಯಲ್ಲಿ ಯಾವ ರಾಜ್ಯ ಮುಂದೆ, ಯಾವುದು ಹಿಂದೆ ಅಂತ ಚರ್ಚೆ ಬಂದರೆ ಈಗ ನಾನು ಟಿವಿಯನ್ನೇ ಆಫ್ ಮಾಡಿಬಿಡುತ್ತೇನೆ. ನನ್ನ ವಾದವೆಲ್ಲ ತೀರಿಹೋಗಿದೆ.

ಇವತ್ತು ಮತ್ತೆ ಶನಿವಾರ. ಟಿಕೆಟ್ಟನ್ನು ಹರಿದು ಬಿಸಾಡಿ ಒಳಗೆ ಹೋದೆ.

‘ಕೆಂಗಲ್ಲಿಗೆ ಹೋಗಿ ಬರೋಣ ನಡೀ ಅಕ್ಕ.’

‘ಬ್ಯಾಡ ಬುಡಪ್ಪ. ಟಿಕೆಟ್ ಕೇಳ್ತಾರೆ.’

‘ನಾನ್ ತಗೊಂತೀನಿ ಕಣಕ್ಕ. ಎಷ್ಟು ಮಹಾ ದುಡ್ಡು?’

‘ದುಡ್ಡಿಗಲ್ಲ ಕಣ್ಲಾ’ ಅಂದಳು ಅಕ್ಕ, ಅವರೆಕಾಯಿ ಬಿಡಿಸುತ್ತ, ತಲೆ ಎತ್ತದೆ.