ಅಜ್ಜಿಯನ್ನು ಒಳಗೆ ತರುವ ದಾರಿ

ಹೊಹೇಪಾ ಅದುವರೆಗೆ ಒಂದು ಇಡೀ ಮನೆಯ ನಕ್ಷೆ ಬರೆದವನಲ್ಲ. ರೋಟೊರುವಾದ ವಾಸ್ತುಶಿಲ್ಪಿಗಳ ಕಚೇರಿಯಲ್ಲಿ ಅವನಿಗೆ ಸಂಬಳ ಬರುತ್ತಿದ್ದದ್ದು ಬಚ್ಚಲುಮನೆಗಳಿಗೆ. ಯಜಮಾನರು ಮನೆಯ ಕನಸು ಕಾಣುತ್ತಿದ್ದರು. ಆ ಕನಸಿನಲ್ಲಿ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಇವನು ಗೆರೆ ಎಳೆಯುತ್ತಿದ್ದ. ಹೀಗಿರುವಾಗ ಅವನ ತಾಯಿಯ ಅಕ್ಕ ಮಿರಿಯಾಮಾ, ರೋಟೊಯಿತಿ ಸರೋವರದ ದಂಡೆಯಲ್ಲಿ ಗೆದ್ದಲು ತಿಂದು ನಿಂತಿದ್ದ ತವರುಮನೆಯನ್ನು ಕೆಡವಿ ಹೊಸದು ಕಟ್ಟಬೇಕೆಂದು ಹೊರಟಾಗ, “ಬೇರೆಯವರು ಯಾಕೆ? ನಮ್ಮ ಹುಡುಗ ಇದಾನಲ್ಲ” ಎಂದುಬಿಟ್ಟಳು. ಅವನಿಗೆ ಹೆಮ್ಮೆ ಒಂದು ಪಾಲು, ಹೆದರಿಕೆ ಮೂರು ಪಾಲು.

ಮನೆ ಯಾರಿಗಾಗಿ ಎಂಬುದರಲ್ಲಿ ಗುಟ್ಟೇನೂ ಇರಲಿಲ್ಲ. ಮಿರಿಯಾಮಾಳ ತಾಯಿ ರಂಗಿಮಾರಿ ಅಜ್ಜಿಯ ಹೃದಯ ಸೋತಿತ್ತು. ವೈದ್ಯರು ಅವಳ ಮುಂದೆ ಜೋರಾಗಿ ಮಾತಾಡುವುದನ್ನು ನಿಲ್ಲಿಸಿದ್ದರು. ಅವಳ ಕೊನೆಯ ದಿನಗಳು ಪೇಟೆಯ ಬಾಡಿಗೆ ಮನೆಯಲ್ಲಿ ಕಳೆಯಬಾರದು, ಗಂಡನೊಡನೆ ಬಾಳಿದ ನೆಲದಲ್ಲಿ, ನೀರು ಕಾಣುವ ಕಿಟಕಿಯ ಪಕ್ಕದಲ್ಲಿ ಕಳೆಯಬೇಕು ಎಂಬುದು ಮಿರಿಯಾಮಾಳ ಹಟ.

ಹೊಹೇಪಾ ಇದ್ದ ಬುದ್ಧಿಯನ್ನೆಲ್ಲ ಮುಂಬಾಗಿಲಿಗೆ ಸುರಿದ. ಒಳಗೆ ಬಂದವರು ಮೊದಲು ಇಕ್ಕಟ್ಟಾದ, ಮಬ್ಬುಗತ್ತಲೆಯ ದಾರಿಯಲ್ಲಿ ನಡೆಯಬೇಕು; ಅದರ ತುದಿಯಲ್ಲಿ ಬಲಕ್ಕೆ ತಿರುಗಿದೊಡನೆ ಇಡೀ ಸರೋವರ ಗಾಜಿನಾಚೆ ಮೈಚಾಚಿ ಮಲಗಿರಬೇಕು. ಈ ತಿರುವಿನ ಬಗ್ಗೆ ಅವನು ಎಷ್ಟು ಮಂದಿಗೆ ಹೇಳಿಕೊಂಡಿದ್ದನೆಂದರೆ, ಕಚೇರಿಯ ಗೆಳೆಯರು ಅವನು ಬಂದರೆ ಸಾಕು, ತಾವೇ ಬಲಕ್ಕೆ ತಿರುಗಿ “ಆಹಾ!” ಎನ್ನುತ್ತಿದ್ದರು.

ಮರದ ಚೌಕಟ್ಟು ಎದ್ದಿತು, ಮೇಲೆ ಮಾಡು ಕೂತಿತು. ಗೋಡೆಗಳಿಗೆ ಹಲಗೆ ಹೊಡೆಯುವುದೊಂದೇ ಬಾಕಿ ಇದ್ದಾಗ, ಒಂದು ಭಾನುವಾರ ಅವನು ಬಾಡಿಗೆ ಮನೆಗೆ ಹೋಗಿ ನಕ್ಷೆಯನ್ನು ಅಜ್ಜಿಯ ಮಂಚದ ಮೇಲೆ ಹರಡಿದ. ಅಜ್ಜಿ ಕನ್ನಡಕ ಏರಿಸಿ, ಬೆರಳಿನಲ್ಲಿ ಮುಂಬಾಗಿಲಿನಿಂದ ಹೊರಟು, ತಿರುವಿನವರೆಗೆ ಹೋಗಿ ನಿಂತಳು.

“ನನ್ನನ್ನ ಹೆಂಗೋ ಒಳಗೆ ತರ್ತೀಯ, ಮೊಕೊ?” ಎಂದಳು. ಮೊಮ್ಮಕ್ಕಳೆಲ್ಲ ಅವಳಿಗೆ ಮೊಕೊ. ಇವನ ಹೆಸರು ಅವಳ ಬಾಯಲ್ಲಿ ಬರುತ್ತಿದ್ದದ್ದು ಬೈಯುವಾಗ ಮಾತ್ರ.

“ಗಾಲಿಕುರ್ಚಿ ಆರಾಮಾಗಿ ಹೋಗತ್ತೆ ಅಜ್ಜಿ. ಅಳೆದೇ ಇಟ್ಟಿದೀನಿ.”

“ಕೂರಿಸ್ಕೊಂಡು ಅಲ್ಲ ಕಣೋ. ಮಲಗಿಸ್ಕೊಂಡು.”

ಈ ಕುಟುಂಬದಲ್ಲಿ ಸತ್ತವರು ಕುಲದ ಸಭಾಮನೆಗೆ ಹೋಗುವ ಮೊದಲು ಒಂದು ರಾತ್ರಿ ತಮ್ಮ ಮನೆಯಲ್ಲಿ ಮಲಗುತ್ತಾರೆ. ಸುತ್ತ ಹಾಸಿಗೆ ಹಾಸಿ ಮನೆಮಂದಿಯೆಲ್ಲ ಜೊತೆಗೆ ಮಲಗುತ್ತಾರೆ. ಅಜ್ಜ ಹಾಗೆ ಮಲಗಿದ್ದದ್ದು ಇದೇ ನೆಲದ ಹಳೆಯ ಮನೆಯಲ್ಲಿ, ಹೊಹೇಪಾ ಅವನ ಕಾಲ ಬಳಿ ನಿದ್ದೆ ಹೋಗಿದ್ದ. ಎಲ್ಲ ಗೊತ್ತಿತ್ತು. ನಕ್ಷೆ ಬರೆಯುವಾಗ ಮಾತ್ರ ಆ ಮನೆಯಲ್ಲಿ ಯಾರೂ ಸಾಯುವುದಿಲ್ಲ ಎಂದುಕೊಂಡಂತಿತ್ತು.

“ಸರೋವರದ ಕಡೆ ದೊಡ್ಡ ಗಾಜಿನ ಬಾಗಿಲಿದೆ ಅಜ್ಜಿ,” ಎಂದು ತೊದಲಿದ. “ಆ ಕಡೆಯಿಂದ…”

“ಹಿತ್ತಲಿಂದ? ನಾನೇನು ಅಂಗಡಿ ಸಾಮಾನಾ? ಮುಂಬಾಗಿಲಲ್ಲಿ ನಿಂತು ಹೆಂಗಸರು ರಾಗ ತೆಗೆದು ನನ್ನನ್ನ ಒಳಗೆ ಕರೀತಿರ್ತಾರೆ, ನಾನು ಹಿಂದಿನಿಂದ ಕಳ್ಳಬೆಕ್ಕಿನ ಹಂಗೆ ನುಗ್ಗಲಾ?” ಅಜ್ಜಿ ನಕ್ಷೆಯನ್ನು ಮಡಚಿ ಅವನ ತೊಡೆಯ ಮೇಲಿಟ್ಟಳು. “ಚೆನ್ನಾಗಿದೆ. ಮಿರಿಯಾಮಾ ಇರ್ಲಿ ಅಲ್ಲಿ. ನಾನು ಇಲ್ಲೇ ಇರ್ತೀನಿ. ಸತ್ತಾಗ ಹೋಗೋಕಾಗದ ಮನೆಗೆ ಬದುಕಿದ್ದಾಗ ಯಾಕೆ ಹೋಗ್ಲಿ?”

ಅಡುಗೆಮನೆಯಲ್ಲಿದ್ದ ಮಿರಿಯಾಮಾಳಿಗೆ ಇದು ಕೇಳಿಸಲಿಲ್ಲ. ಹೇಳಬೇಕಾದವನು ಹೊಹೇಪಾ. ಅವನು ಚಹಾ ಕುಡಿದು, ಬಿಸ್ಕತ್ತು ತಿಂದು, ಎಲ್ಲ ಚೆನ್ನಾಗಿದೆ ಆಂಟಿ ಎಂದು ಹೇಳಿ, ಹೇಡಿಯ ಹಾಗೆ ಮನೆಗೆ ಹೋದ.

ಮರುದಿನ ಕಚೇರಿಗೆ ಹೊಟ್ಟೆನೋವೆಂದು ಹೇಳಿ ಕಟ್ಟಡದ ಬಳಿ ಬಂದ. ಹೊಟ್ಟೆ ನಿಜವಾಗಿಯೂ ನೋಯುತ್ತಿದ್ದುದರಿಂದ ಸುಳ್ಳು ಹೇಳಿದ ಪಾಪ ತಟ್ಟಲಿಲ್ಲ. ರಾತ್ರಿ ಕಂಪ್ಯೂಟರಿನಲ್ಲಿ ಶವಪೆಟ್ಟಿಗೆಯನ್ನು ತಿರುವಿನಲ್ಲಿ ತಿರುಗಿಸಿ ನೋಡಿದ್ದ. ಕೂದಲೆಳೆಯಷ್ಟು ಅಂತರದಲ್ಲಿ ದಾಟಿತ್ತು. ಆದರೆ ಪರದೆಯ ಮೇಲೆ ಹೊರುವವರಿಗೆ ಭುಜಗಳಿರಲಿಲ್ಲ. ಕೈಯಾರೆ ಒಂದು ಸಲ ತಿರುಗಿಸಿ ನೋಡದೆ ಅವನ ಜೀವಕ್ಕೆ ನೆಮ್ಮದಿ ಇರಲಿಲ್ಲ. ಕಟ್ಟುವ ಮೇಸ್ತ್ರಿ ಮರ್ವ್ ಒಬ್ಬನೇ ಅಲ್ಲಿದ್ದ. ಉದ್ದಕ್ಕೆ, ಅಗಲಕ್ಕೆ, ತೂಕಕ್ಕೆ ಸರಿಹೋಗುವ ಒಂದೇ ಒಂದು ವಸ್ತು, ಒಂದು ದಪ್ಪ ಮರದ ಹಲಗೆ, ಗೋಡೆಗೆ ಒರಗಿ ನಿಂತಿತ್ತು.

“ಮರ್ವ್, ಇದನ್ನ ಸ್ವಲ್ಪ ಹಿಡ್ಕೊ. ಮುಂಬಾಗಿಲಿಂದ ಒಳಗೆ ಹೋಗೋಣ.”

“ಯಾಕೆ ಮಾರಾಯ? ಇದನ್ನ ಹಾಕೋದು ಆ ಕಡೆ ಅಲ್ವಾ?”

“ಸುಮ್ನೆ ಹಿಡ್ಕೊ ಅಂದ್ರೆ.”

ಹೊಹೇಪಾ ಮುಂದೆ, ಮರ್ವ್ ಹಿಂದೆ. ಹಾದಿಯಲ್ಲಿ ಸಲೀಸಾಗಿ ನಡೆದರು. ತಿರುವಿನಲ್ಲಿ ಹಲಗೆಯ ಮೂಗು ಒಂದು ಕಡೆ, ಸೊಂಟ ಇನ್ನೊಂದು ಕಡೆ ತಾಗಿತು. ಓರೆ ಮಾಡಿದರು. ಎತ್ತಿದರು, ಇಳಿಸಿದರು. ಕೊನೆಗೆ ಅದು ಮುಂದೆಯೂ ಹೋಗದೆ ಹಿಂದೆಯೂ ಬರದೆ ಎರಡು ಕಂಬಗಳ ನಡುವೆ ಹಲ್ಲಿನ ಸಂದಿಯ ಮಾಂಸದ ಚೂರಿನಂತೆ ಸಿಕ್ಕಿಕೊಂಡಿತು.

“ಪೆಟ್ಟಿಗೆಯಾದ್ರೆ ನಿಲ್ಲಿಸ್ಕೊಂಡು ತಿರುಗಿಸ್ಬೋದು,” ಎಂದ ಹೊಹೇಪಾ, ಬೆವರು ಒರೆಸುತ್ತ.

“ಯಾವ ಪೆಟ್ಟಿಗೆ?”

ಆಗಲೇ ಹೊರಗೆ ಕಾರು ನಿಂತ ಸದ್ದಾಯಿತು. ತಾಯಿಗೆ ಮನೆ ತೋರಿಸಿದರೆ ಉತ್ಸಾಹ ಬಂದೀತೆಂದು ಮಿರಿಯಾಮಾ ಅವಳನ್ನು ಕರೆತಂದಿದ್ದಳು. ಗಾಲಿಕುರ್ಚಿ ಬಾಗಿಲವರೆಗೆ ಬಂದು ನಿಂತಿತು.

“ಏನೋ ಅದು?” ಎಂದಳು ಮಿರಿಯಾಮಾ. ಒಂದು ಹೆಜ್ಜೆ ಮುಂದೆ ಬಂದು ಮರದ ಗೆರೆಗಳನ್ನು ನೋಡಿದಳು. “ಅದು ನನ್ನ ಅಡುಗೆಕಟ್ಟೆ ಹಲಗೆ ಅಲ್ವಾ? ಇಲ್ಲೇನು ಮಾಡ್ತಿದೆ?”

ಸುಳ್ಳು ಹೇಳಲು ಹೊಹೇಪಾ ಬಾಯಿ ತೆರೆದ. ಅಜ್ಜಿಯ ಕಣ್ಣು ಹಲಗೆಯ ಉದ್ದಕ್ಕೂ ಸಾಗಿ, ತಿರುವಿಗೆ ಬಂದು, ಅವನ ಮೇಲೆ ನಿಂತಿತು.

“ಅಜ್ಜಿಯ ಪೆಟ್ಟಿಗೆ ಹಿಡಿಯತ್ತಾ ಅಂತ ನೋಡ್ತಿದ್ದೆ,” ಎಂದ.

ಮರ್ವ್ ಹಲಗೆಯನ್ನು ಬಿಟ್ಟು ಕೈ ಒರೆಸಿಕೊಂಡ. ಹಲಗೆ ಬೀಳಲೂ ಇಲ್ಲ.

ತಾನೇನು ಮಾಡಿದೆ ಎಂಬುದು ಹೊಹೇಪಾನಿಗೆ ಹೊಳೆದದ್ದು ಮಾತು ಬಾಯಿಂದ ಹೊರಬಿದ್ದ ಮೇಲೆ. ಅವನು ಹ್ಯಾಮಿಲ್ಟನ್ ಪೇಟೆಯಲ್ಲಿ ಬೆಳೆದವನು, ಹಿರಿಯರ ಭಾಷೆಯೂ ಅರೆಬರೆ. ಆದರೂ ಊಟದ ಮೇಜಿನ ಮೇಲೆ ಟೋಪಿ ಇಟ್ಟಿದ್ದಕ್ಕೆ ಅಮ್ಮ ಬೆರಳ ಗೆಣ್ಣಿನಿಂದ ಕುಟ್ಟಿದ್ದು ಅವನ ನೆತ್ತಿಗೆ ಇನ್ನೂ ನೆನಪಿತ್ತು. ತಲೆಗೆ ತಾಗಿದ್ದೇ ಅನ್ನದ ಹತ್ತಿರ ಬರಬಾರದು; ಅನ್ನದ ಜಾಗ ಬೇರೆ, ಸಾವಿನ ಜಾಗ ಬೇರೆ. ಎರಡನ್ನೂ ಒಂದು ಮಾಡುವುದು ಹಸುಳೆಯೂ ಮಾಡದ ತಪ್ಪು.

“ಅದರ ಮೇಲೆ ನಾನು ರೊಟ್ಟಿ ಹಿಟ್ಟು ನಾದ್ಬೇಕಿತ್ತು!” ಮಿರಿಯಾಮಾಳ ದನಿ ಒಡೆಯಿತು. “ಅಮ್ಮನ ಪೆಟ್ಟಿಗೆ ಅಳೆದ ಹಲಗೆ ಮೇಲೆ ಅಮ್ಮನಿಗೇ ಊಟ ಬಡಿಸ್ಲಾ? ನಿನಗೆ ತಲೇಲಿ ಮೆದುಳಿದೆಯೋ, ಬಚ್ಚಲ ನೀರಿದೆಯೋ?”

“ಆಂಟಿ, ನಾನು…”

“ಪೆಟ್ಟಿಗೆ ಮಾತು ಎತ್ತಿದ್ದು ಯಾರು? ಯಾರು ಹೇಳಿದ್ರು ನಿನಗೆ?”

“ನಾನೇ,” ಎಂದಳು ಅಜ್ಜಿ.

ಮಿರಿಯಾಮಾ ತಿರುಗಿ ತಾಯಿಯನ್ನು ನೋಡಿದಳು. ಮನೆ ಕಟ್ಟಲು ಶುರುಮಾಡಿದಂದಿನಿಂದ ಅವಳು ಟೈಲ್ಸ್ ಬಗ್ಗೆ, ಪರದೆಗಳ ಬಗ್ಗೆ, ಅಮ್ಮನ ಮಂಚದ ಪಕ್ಕದ ದೀಪದ ಬಗ್ಗೆ ಮಾತಾಡಿದ್ದಳು. ಈ ಒಂದು ವಿಷಯದ ಹತ್ತಿರ ಸುಳಿದಿರಲಿಲ್ಲ. ಈಗ ಗಾಲಿಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದು ನಿಂತುಬಿಟ್ಟಳು.

“ಅವನು ಗೂಬೆ, ನಿಜ,” ಎಂದಳು ಅಜ್ಜಿ. “ಆದ್ರೆ ನೋಡಿದ್ದು ಅವನೊಬ್ಬನೇ. ಹಲಗೆ ಹೊರಗೆ ತೆಗೀರಿ. ಅಡುಗೆಮನೆಗೆ ಅದು ಬೇಡ.”

ಕಂಬಕ್ಕೆ ಗಾಯ ಮಾಡಿ ಹಲಗೆಯನ್ನು ಎಳೆದು ತೆಗೆದರು. ಹೊಹೇಪಾ ತಿರುವಿನ ಮೂಲೆಯ ಕಂಬಕ್ಕೆ ಕೈಯಿಟ್ಟು, “ಇದು ಹೋಗ್ಬೇಕು” ಎಂದ. ತನ್ನ ಪ್ರಸಿದ್ಧ ತಿರುವಿಗೆ ತಾನೇ ತಿಥಿ ಮಾಡಿದಂತೆ ಅವನಿಗೆ ಅನಿಸಿತು. ಇನ್ನು ಬಾಗಿಲು ತೆರೆದರೆ ಸರೋವರ ನೇರ ಕಣ್ಣಿಗೆ ಬೀಳುತ್ತದೆ. ಆಹಾ ಎನ್ನಲು ಯಾರೂ ಎಲ್ಲಿಗೂ ತಿರುಗಬೇಕಾಗಿಲ್ಲ.

“ಹೋಗ್ಬೇಕಂತೆ!” ಎಂದ ಮರ್ವ್. “ಮಾಡಿನ ಅರ್ಧ ಭಾರ ಅದರ ಮೇಲೆ ಕೂತಿದೆ ಮಾರಾಯ. ಅದನ್ನ ತೆಗೆದ್ರೆ ಇವತ್ತೇ ಪೆಟ್ಟಿಗೆ ಬೇಕಾಗತ್ತೆ, ನಮ್ಮಿಬ್ಬರಿಗೆ.”

ಹೊಹೇಪಾ ಇಂಜಿನಿಯರಿಗೆ ಫೋನು ಮಾಡಿದ. ಆತ ಮೊದಲು ಬೈದ, ಆಮೇಲೆ ಕೇಳಿದ, ಆಮೇಲೆ ಮತ್ತೆ ಬೈದ. ಕಂಬ ತೆಗೆಯಬೇಕಾದರೆ ಮೇಲೆ ಉಕ್ಕಿನ ತೊಲೆ ಬೇಕು, ನಗರಸಭೆಯ ಒಪ್ಪಿಗೆ ಮತ್ತೊಮ್ಮೆ ಬೇಕು, ಅಲ್ಲಿಯವರೆಗೆ ಯಾರೂ ಗರಗಸ ಮುಟ್ಟಕೂಡದು. ಎಷ್ಟು ಅಗಲ ಬೇಕೆಂದು ಮೊದಲು ಗುರುತು ಮಾಡಿ ತಿಳಿಸು ಎಂದ.

“ಎಷ್ಟು ಕಾಲ ಹಿಡಿಯತ್ತಂತೆ?” ಮಿರಿಯಾಮಾ ಕೇಳಿದಳು. ಕೇಳುವಾಗ ತಾಯಿಯ ಕಡೆ ನೋಡಲಿಲ್ಲ.

“ಗೊತ್ತಿಲ್ಲ ಆಂಟಿ.”

ಅವನು ಮಂಡಿಯೂರಿ ನೆಲದ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದ.

“ಇಷ್ಟು ಸಾಕಾ ಅಜ್ಜಿ?”

“ಸಾಲಲ್ಲ.”

“ಪೆಟ್ಟಿಗೆಗೆ ಧಾರಾಳ ಆಯ್ತು.”

“ಪೆಟ್ಟಿಗೆ ತಾನಾಗೇ ನಡ್ಕೊಂಡು ಬರತ್ತಾ? ಆಚೆ ಈಚೆ ಹೊರೋರು ನಿನ್ನ ಅಣ್ಣ ತಮ್ಮಂದಿರು. ಒಬ್ಬೊಬ್ಬನ ಹೊಟ್ಟೆ ನೋಡಿದೀಯಾ? ರಗ್ಬಿ ಬಿಟ್ರು, ಊಟ ಬಿಡಲಿಲ್ಲ. ಇನ್ನೂ ಸರಿ ಆ ಕಡೆ.”

ಅವನು ಸರಿದ. ಇನ್ನೊಂದು ಗೆರೆ ಎಳೆದ. ಮರ್ವ್ ತಲೆಯೆತ್ತಿ ಮಾಡನ್ನು ನೋಡಿ, ತೊಲೆಯ ಗಾತ್ರವನ್ನು ಲೆಕ್ಕ ಹಾಕುತ್ತ ತಲೆ ಕೆರೆದುಕೊಂಡ. ಅಜ್ಜಿ ಎರಡು ಸಲ ಕಷ್ಟಪಟ್ಟು ಉಸಿರೆಳೆದುಕೊಂಡಳು. ಅಲ್ಲಿದ್ದ ಮೂವರೂ ಆ ಉಸಿರನ್ನೇ ಕೇಳುತ್ತಿದ್ದರು.

“ಹ್ಞಾ, ಅಲ್ಲಿ,” ಎಂದಳು ಕೊನೆಗೆ. “ಅಷ್ಟಿದ್ರೆ ಬರ್ತೀನಿ. ಆ ಇಂಜಿನಿಯರಿಗೆ ಹೇಳು, ಕಾಯ್ತೀನಿ ಅಂತ. ತುಂಬ ಕಾಯಲ್ಲ, ಅದನ್ನೂ ಹೇಳು.”

ಹೊಹೇಪಾ ನೆಲದ ಮೇಲೆ ಕೂತಲ್ಲಿಂದಲೇ ಮತ್ತೆ ಫೋನು ಹಚ್ಚಿದ.