ಅಕ್ಕ ಹಿಮ್ಮಡಿಯಿಂದ ಕೆದಕಿದ ಜಾಗ

ಗುಬ್ಬಿ ಕಡೆಯ ಶಿಂಷಾ ದಡದಲ್ಲಿ, ತೆಂಗಿನ ತೋಟದ ಆಳುಗಳ ಹಟ್ಟಿಯಲ್ಲಿ ನಾವು ಹುಟ್ಟಿದೆವು. ಹೊಳೆ ಉಕ್ಕಿ ಹಟ್ಟಿ ಕೊಚ್ಚಿಹೋಯಿತು, ಆಮೇಲೆ ತೋಟವನ್ನೂ ಕಡಿದರು. ಅಲ್ಲಿಗೆ ಹೋದಾಗಲೆಲ್ಲ ಅಕ್ಕ ಹಿಮ್ಮಡಿಯಿಂದ ಮಣ್ಣು ಕೆದಕಿ, "ಇಲ್ಲೇ ಕಣೋ ನಮ್ಮ ಒಲೆ ಇದ್ದಿದ್ದು" ಅನ್ನುತ್ತಿದ್ದಳು.

ಒಮ್ಮೆ ಊರಿನ ಚರಿತ್ರೆ ಬರೆಯುವ ಮೇಷ್ಟ್ರು ಆ ಜಾಗ ನೋಡಲು ಬಂದಾಗ, ಅಕ್ಕ ಅವರಿಗೂ ಹಾಗೇ ಕೆದಕಿ ತೋರಿಸಿದಳು. ತೋಟದ ಚಿಕ್ಕ ಸಾಹುಕಾರರೂ ಜೊತೆಗಿದ್ದರು. ನಾನು ಅವರ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದೆ.

"ಇಲ್ಲಿ ಯಾರ ಮನೇನೂ ಇರ್ಲಿಲ್ಲ ಕಣಮ್ಮ, ಬರೀ ಕಾವಲು ಗುಡ್ಲು," ಅಂತ ಸಾಹುಕಾರರು ನಕ್ಕರು.

ಅಕ್ಕ ನನ್ನ ಕಡೆ ತಿರುಗಿ, "ನೀನೇ ಹೇಳ್ಲಾ," ಅಂದಳು.

"ನಂಗೆ ನೆನಪಿಲ್ಲ ಕಣಕ್ಕ," ಅಂದೆ.

ಅಕ್ಕ ಕೆದಕಿದ ಮಣ್ಣನ್ನು ಕಾಲಿನಿಂದಲೇ ಮುಚ್ಚಿದಳು. ಮತ್ತೆಂದೂ ಅಲ್ಲಿಗೆ ಬರಲಿಲ್ಲ.

ಹೆದರಿ ಹಾಗಂದೆನೋ, ನಿಜವಾಗಿ ಮರೆತಿತ್ತೋ, ನನಗೇ ತಿಳಿಯದು. ಈಗ ಅಕ್ಕ ಇಲ್ಲ. ನಾನೊಬ್ಬನೇ ಹೋಗಿ ಹಿಮ್ಮಡಿಯಿಂದ ಕೆದಕುತ್ತೇನೆ. ಎಲ್ಲಿ ಕೆದಕಿದರೂ ಇಲ್ಲೇ ಅನ್ನಿಸುತ್ತದೆ.