ನನ್ನ ಅವ್ವ, ಗಂಡನ ಅಕ್ಕ

ನನಗೆ ಗಂಡು ಹುಡುಕುವ ಕಷ್ಟವನ್ನು ನಮ್ಮ ಮನೆಯಲ್ಲಿ ಯಾರೂ ಪಡಲಿಲ್ಲ. ನಾನು ತೊಟ್ಟಿಲಲ್ಲಿದ್ದಾಗಲೇ ಆ ಕೆಲಸ ಮುಗಿದಿತ್ತು. ಕಂಪ್ಲಿಯಲ್ಲಿ ನನಗೆ ಹೆಸರಿಟ್ಟ ದಿನ ಬುಕ್ಕಸಾಗರದಿಂದ ಅವ್ವನ ತವರಿನವರೆಲ್ಲ ಬಂದಿದ್ದರು. ಅವ್ವನ ಕಿರಿಯ ತಮ್ಮ ಆಗಿನ್ನೂ ಚಡ್ಡಿ ಹಾಕುವ ವಯಸ್ಸಿನವನು. ಅಜ್ಜಿ ಅವನ ಕೈಯಿಂದಲೇ ತೊಟ್ಟಿಲು ತೂಗಿಸಿ, "ನೋಡ್ಕೋಪಾ, ನಿನ್ನ ಹೇಣ್ತಿ" ಅಂದಳಂತೆ. ಅವನು ಗೊಳೋ ಅಂತ ಅತ್ತನಂತೆ. ಯಾಕೆ ಅಂತ ಈಗ ಕೇಳಿದರೆ, "ನಿನ್ನ ಮಕ ಹಂಗಿತ್ತು" ಅನ್ನುತ್ತಾನೆ.

ನಮ್ಮ ಕಡೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಹಕ್ಕು. ಅವಳನ್ನು ಬೇರೆ ಮನೆಗೆ ಕೊಡುವುದಾದರೆ ಮೊದಲು ಅವನನ್ನು ಒಂದು ಮಾತು ಕೇಳಬೇಕು, ಇಲ್ಲದಿದ್ದರೆ ಮದುವೆಯಲ್ಲಿ ಮುಖ ಊದಿಸಿಕೊಂಡು ಕೂರುತ್ತಾನೆ. ಹುಡುಗಿಯನ್ನು ಕೇಳುವ ಪದ್ಧತಿಯನ್ನು ಮಾತ್ರ ನಾನು ಎಲ್ಲೂ ನೋಡಿಲ್ಲ. ಹೀಗೆ ಅಜ್ಜಿಯೇ ಅತ್ತೆಯಾದಳು, ಅವ್ವನೇ ಅತ್ತಿಗೆಯಾದಳು. ಮಾಮ ಮಾತ್ರ ಮಾಮನಾಗಿಯೇ ಉಳಿದ. ಮದುವೆಯಾದ ಮೇಲೆ ಅವನಿಗೆ 'ನೀವು' ಅನ್ನಬೇಕೆಂದು ಊರ ಹೆಂಗಸರು ಬುದ್ಧಿ ಹೇಳಿದರು. ಒಂದು ವಾರ ಅಂದು ನೋಡಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ, ಬಿಟ್ಟೆವು.

ನಾನು ಹೊಸಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಮಾಮ ಸಂಡೂರಿನ ಗಣಿಯಲ್ಲಿ ಡಂಪರ್ ಲಾರಿ ರಿಪೇರಿ ಮಾಡುವ ಮೆಕ್ಯಾನಿಕ್. ಎಷ್ಟು ಸ್ನಾನ ಮಾಡಿದರೂ ಅದಿರಿನ ಧೂಳಿಗೆ ಅವನ ದಿಂಬಿನ ಕವರು ಕೆಂಪಾಗಿಯೇ ಇರುತ್ತದೆ. ಕೆನಡಾಕ್ಕೆ ಹೋಗೋಣ ಅಂದವಳು ನಾನು. ಸುಮ್ಮನೆ ಹುಟ್ಟಿದ ಆಸೆಯಲ್ಲ, ಸಿಟ್ಟಿನಿಂದ ಹುಟ್ಟಿದ್ದು. ಇಡೀ ವಾರ್ಡನ್ನು ಒಬ್ಬಳೇ ನೋಡಿಕೊಂಡರೂ, ರೋಗಿಯ ಕಡೆಯವರ ಎದುರು "ಏಯ್ ಸಿಸ್ಟರ್" ಎಂದು ಚಿಟಿಕೆ ಹೊಡೆದು ಕರೆಸಿಕೊಳ್ಳುವುದು ನನಗೆ ಸಾಕಾಗಿತ್ತು. ನನ್ನ ಕೆಲಸಕ್ಕೆ ಕೆಲಸದ ಮರ್ಯಾದೆ ಸಿಗುವ ಕಡೆ ಒಮ್ಮೆ ದುಡಿದು ನೋಡಬೇಕು ಅನ್ನಿಸಿತು. ಮಾಮನಿಗೆ ಹೇಳಿದಾಗ ಅವನು ತಟ್ಟೆಯಿಂದ ತಲೆ ಎತ್ತದೆ, "ನಡಿ ಹೋಗೂನು. ಅಲ್ಲೂ ಡಂಪರ್ ಕೆಡ್ತಾವಲ್ಲ" ಅಂದ.

ಇಂಗ್ಲಿಷ್ ಪರೀಕ್ಷೆಯಲ್ಲಿ ಮೊದಲ ಸಲ ಬೇಕಾದಷ್ಟು ಅಂಕ ಬರಲಿಲ್ಲ. ನಮ್ಮ ಪುಟ್ಟ ಮಗಳನ್ನು ಕಂಪ್ಲಿಯಲ್ಲಿ ಅವ್ವನ ಹತ್ತಿರ ಬಿಟ್ಟು, ಡ್ಯೂಟಿ ಮುಗಿಸಿ ಬಂದು ಓದಿ, ಎರಡನೇ ಸಲ ತೆಗೆದೆ. ಆಮೇಲೆ ಅಲ್ಲೇ ಕಾಯಂ ನೆಲೆಸಲು ಬೇಕಾದ ಪಿಆರ್ ಅರ್ಜಿ ತುಂಬುವುದಕ್ಕೆ ಬಸ್ ಸ್ಟ್ಯಾಂಡಿನ ಹತ್ತಿರದ ಒಬ್ಬ ಏಜೆಂಟನ ಬಳಿ ನಾನೂ ಮಾಮನೂ ಹೋದೆವು. ನನ್ನ ಜನನ ಪ್ರಮಾಣಪತ್ರ ಹಿಡಿದುಕೊಂಡು ಕಂಪ್ಲಿಯಿಂದ ಅವ್ವನೂ ಬಂದಿದ್ದಳು. ಗೋಡೆಯ ತುಂಬ ದೇಶದೇಶದ ಬಾವುಟ ಅಂಟಿಸಿಕೊಂಡಿದ್ದ ಆ ಮನುಷ್ಯ ನಮ್ಮ ವಿವರಗಳನ್ನು ಟೈಪ್ ಮಾಡುತ್ತಾ ಹೋಗಿ ಒಂದು ಕಡೆ ಕೈ ನಿಲ್ಲಿಸಿದ.

"ಮೇಡಂ, ನಿಮ್ಮ ತಾಯಿ ಹೆಸರು ನಿಮ್ಮ ಯಜಮಾನ್ರ ಅಕ್ಕತಂಗೇರ ಕಾಲಮ್ಮಿನಾಗೂ ಬಂದೈತಿ. ಮಿಸ್ಟೇಕ್ ಆಗೇತೇನು?"

"ಇಲ್ರಿ. ಇವ್ರು ನಮ್ಮ ಮಾಮ."

ಅವನಿಗೆ ತಕ್ಷಣ ಅರ್ಥವಾಯಿತು. ಅವನೂ ಈ ಕಡೆಯವನೇ. ಆದರೂ ತಲೆ ಕೆರೆದುಕೊಂಡ. "ಇದು ನಮಗ ನಿಮಗ ಗೊತ್ತು. ಅಲ್ಲಿ ಕುಂತೋರಿಗೆ ಗೊತ್ತಾಗ್ತೈತೇನ್ರಿ? ಮಾವ-ಸೊಸಿ ಮದುವಿ ಅಂದ್ರ ಗಾಬರಿ ಆಗ್ತಾರ. ಒಂದು ಕೆಲಸ ಮಾಡೋಣ, ಅಕ್ಕನ ಹೆಸರು ತೆಗದ್ ಬಿಡೋಣ. ಯಜಮಾನ್ರಿಗೆ ಅಕ್ಕ ಇಲ್ಲ. ಮುಗೀತು."

ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದ ಅವ್ವ ಎದ್ದು ನಿಂತಳು. "ನಾ ಅಕ್ಕ ಅಲ್ಲೇನು? ಇವ್ನ ಹೊತ್ಕಂಡು ಬೆಳ್ಸೀನಪ್ಪಾ ನಾನು! ಗದ್ದಿ ನಾಟಿಗೆ ಹೋದಾಗೆಲ್ಲಾ ಇವ್ನ ಬೆನ್ನಿಗೆ ಕಟ್ಕಂಡು ಹೋಗೀನಿ!"

ಏಜೆಂಟ ಅವಳಿಗೆ ನೀರು ಕೊಡಿಸಿ, ನನ್ನ ಕಡೆ ತಿರುಗಿ ದನಿ ತಗ್ಗಿಸಿದ. ಇನ್ನೊಂದು ದಾರಿ ಇದೆಯಂತೆ. ನನಗೆ ಮದುವೆಯೇ ಆಗಿಲ್ಲ ಎಂದು ತೋರಿಸಿ ನಾನೊಬ್ಬಳೇ ಹೋಗುವುದು, ಆಮೇಲೆ ಗಂಡ ಮಗಳನ್ನು ಕರೆಸಿಕೊಳ್ಳುವುದು. ನಾನು ಆ ನಿಯಮಗಳನ್ನು ಓದಿಕೊಂಡಿದ್ದೆ. ಹಾಗೆ ಗಂಡ ಮಕ್ಕಳನ್ನು ಮುಚ್ಚಿಟ್ಟವರು ಆಮೇಲೆ ತಲೆಕೆಳಗಾಗಿ ನಿಂತರೂ ಅವರನ್ನು ಕರೆಸಿಕೊಳ್ಳಲು ಆಗುವುದಿಲ್ಲ, ಸುಳ್ಳು ಸಿಕ್ಕಿಬಿದ್ದರೆ ನನ್ನ ಬಾಗಿಲೂ ಬಂದ್. ಈ ಮನುಷ್ಯನಿಗೆ ಅದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಿದನೋ! ಫೈಲು ಎತ್ತಿಕೊಂಡೆ. "ಇರೋದನ್ನ ಇದ್ದಂಗ ನಾನೇ ಬರೀತೀನ್ರಿ" ಅಂದು ಮೆಟ್ಟಿಲಿಳಿದೆ. ಹಿಂದೆ ಅವ್ವ ಇಳಿಯುತ್ತಾ ಇನ್ನೂ ಬೈಯುತ್ತಿದ್ದಳು.

ನಾನೇ ಬರೆದೆ. ನನ್ನ ಪಾಲಿನ ಫಾರ್ಮಿನಲ್ಲಿ ಅವ್ವ ತಾಯಿ, ಮಾಮನ ಪಾಲಿನ ಫಾರ್ಮಿನಲ್ಲಿ ಅವ್ವ ಅಕ್ಕ. ಬೆಂಗಳೂರಿಗೆ ಹೋಗಿ ಮೂವರೂ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಂಡು ಬಂದೆವು. ಪೊಲೀಸ್ ಕ್ಲಿಯರೆನ್ಸ್ ಬಂತು. ನಂತರ ಬಹಳ ದಿನ ಏನೂ ಬರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ವಾರ್ಡಿನಲ್ಲಿ ಇಂಜೆಕ್ಷನ್ ಕೊಟ್ಟು ಬಂದು ಫೋನ್ ತೆಗೆದರೆ ಕೆನಡಾದ ವಲಸೆ ಕಚೇರಿಯ ಇಮೇಲ್ ಬಂದಿತ್ತು. ನಿಮ್ಮ ತಾಯಿ ಮತ್ತು ನಿಮ್ಮ ಪತಿಯ ಸಹೋದರಿ ಒಬ್ಬರೇ ಎಂದು ಕಾಣುತ್ತದೆ, ಈ ವಿವಾಹ ನಿಮ್ಮ ಕಾನೂನಿನಲ್ಲಿ ಸಿಂಧುವೇ ಎಂಬುದಕ್ಕೆ ಪುರಾವೆ ಕೊಡಿ ಎಂದಿತ್ತು. ಈ ಮದುವೆ ಹೇಗೆ ನಡೆಯಿತು, ಇಬ್ಬರೂ ಸ್ವಇಚ್ಛೆಯಿಂದ ಒಪ್ಪಿದ್ದಿರಾ, ಪ್ರತ್ಯೇಕ ಪತ್ರದಲ್ಲಿ ಬರೆದು ಕಳಿಸಿ ಎಂದೂ ಇತ್ತು. ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಅರ್ಜಿ ತಿರಸ್ಕೃತ. ಸಿಟ್ಟು ಬಂತು, ಆದರೆ ಸಿಟ್ಟು ಮಾಡಿಕೊಂಡು ಕೂರುವಷ್ಟು ಗಡುವು ಅವರು ಕೊಟ್ಟಿರಲಿಲ್ಲ.

ಹೊಸಪೇಟೆ ಕೋರ್ಟಿನ ಒಬ್ಬ ವಕೀಲರನ್ನು ಹಿಡಿದೆ. ಕಾನೂನು ಇಂಥ ಮದುವೆಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ, ಆದರೆ ರೂಢಿ ಇದ್ದರೆ ಒಪ್ಪುತ್ತದೆ ಅಂದರು. "ರೂಢಿ ಐತಿ ಅಂತ ತೋರಿಸ್ಬೇಕು. ನಿಮ್ಮ ಪೈಕಿಯೋರು ನಾಕು ಮಂದಿ ಅಫಿಡವಿಟ್ ಕೊಟ್ರ ಸಾಕು."

ಆ ನಾಲ್ಕು ಮಂದಿಯನ್ನು ಕರೆತರುವ ಕೆಲಸ ಅವ್ವ ವಹಿಸಿಕೊಂಡಳು. ಅವಳಿಗೆ ಅದು ಮಾನದ ಪ್ರಶ್ನೆ. ಮರುದಿನ ಕೋರ್ಟಿನ ಮುಂದೆ ಒಂದು ಟಂಟಂ ಆಟೋ ಬಂದು ನಿಂತಿತು. ಕಂಪ್ಲಿಯ ನಮ್ಮ ಓಣಿಯ ಹೆಂಗಸರು, ಬುಕ್ಕಸಾಗರದ ದೊಡ್ಡವ್ವ ಚಿಕ್ಕವ್ವಂದಿರು, ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು ಇಳಿದರು. ಒಬ್ಬೊಬ್ಬರೂ ವಕೀಲರ ಮೇಜಿಗೆ ಬಂದು, "ನಂದೂ ಬರ್ಕಳ್ರಿ, ನನ್ ಗಂಡನೂ ಸೋದರಮಾವನೇ" ಎಂದು ಒಪ್ಪಿಸಿದರು. ನಾಲ್ಕು ಸಾಕು ಅಂದರೆ ಕೇಳುವವರು ಯಾರು? ಅಷ್ಟು ದೂರದಿಂದ ಬಂದೀವಿ, ಹೆಬ್ಬೆಟ್ಟು ಒತ್ತದೆ ಹೋಗುವುದಿಲ್ಲ ಅಂದರು. ವಕೀಲರು ಕೊನೆಗೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ನಮ್ಮ ಮನ್ಯಾಗೂ ಹಂಗ ಐತ್ರಿ" ಅಂದರು.

ಮದುವೆಯ ಫೋಟೋಗಳನ್ನೂ ಜೋಡಿಸಿದೆ. ನಮ್ಮ ಮದುವೆ ಹಂಪಿಯಲ್ಲಿ ಆಗಿತ್ತು. ಹಾಗಾಗಿ ಪಂಕ್ತಿ ಊಟದ ಫೋಟೋದಲ್ಲಿ ಯಾರೋ ಇಬ್ಬರು ಬಿಳಿಯರು ರುಮಾಲು ಸುತ್ತಿಸಿಕೊಂಡು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾರೆ. "ಅವ್ರು ಕೆನಡಾದೋರೇ ಇರ್ಬೌದು ನೋಡು, ಸಾಕ್ಷಿ ಆತು" ಅಂದ ಮಾಮ.

ಒಂದು ಮಾತು ಇಲ್ಲಿ ಹೇಳಿಬಿಡಬೇಕು. ಆ ರೂಢಿಯನ್ನು ಹೊಗಳುವುದಕ್ಕೆ ನಾನು ಇದನ್ನೆಲ್ಲ ಮಾಡಲಿಲ್ಲ. ನಾನು ನರ್ಸ್. ಬಸುರಿಯರು ಬಂದಾಗ "ಸಂಬಂಧದಾಗ ಆಗೀರೇನು?" ಎಂದು ಕೇಳಿ ಕಾರ್ಡಿನಲ್ಲಿ ಗುರುತು ಹಾಕುವವಳು ನಾನೇ, ಆ ಗುರುತು ಯಾಕೆ ಹಾಕುತ್ತೇವೆ ಎಂಬುದೂ ನನಗೆ ಗೊತ್ತು. ಮಗಳು ಹೊಟ್ಟೆಯಲ್ಲಿದ್ದಷ್ಟು ದಿನ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಅವಳು ಗಟ್ಟಿಮುಟ್ಟಾಗಿ ಹುಟ್ಟಿದ್ದು ನಮ್ಮ ಪುಣ್ಯ, ಪದ್ಧತಿಯ ದೊಡ್ಡತನವಲ್ಲ. ಆದರೆ ನನ್ನ ಮದುವೆ ಇರುವುದನ್ನು ಇಲ್ಲ ಅನ್ನಲು ನಾನು ತಯಾರಿರಲಿಲ್ಲ.

ಎಲ್ಲ ಆಯಿತು, ಆ ಒಂದು ಪ್ರಶ್ನೆ ಉಳಿಯಿತು. ಸ್ವಇಚ್ಛೆಯಿಂದ ಒಪ್ಪಿದ್ದಿರಾ? ಪೇಷಂಟ್ ರಿಪೋರ್ಟನ್ನು ಕಣ್ಣು ಮುಚ್ಚಿ ಬರೆಯುವವಳಿಗೆ ಇದರಲ್ಲಿ ಒಂದು ಸಾಲೂ ಮುಂದೆ ಹೋಗಲಾಗಲಿಲ್ಲ. ಹೌದು ಎಂದು ಬರೆದರೆ ಸುಳ್ಳು, ಇಲ್ಲ ಎಂದು ಬರೆದರೂ ಸುಳ್ಳು. ಭಾನುವಾರ ಅವ್ವನದೂ ಒಂದು ಅಫಿಡವಿಟ್ಟಿಗೆ ಸಹಿ ತೆಗೆದುಕೊಂಡು ಕಂಪ್ಲಿಯಿಂದ ಮಾಮನ ಸ್ಕೂಟರಿನಲ್ಲಿ ವಾಪಸು ಬರುವಾಗ ಕಮಲಾಪುರದಲ್ಲಿ ಮಂಡಕ್ಕಿ ಒಗ್ಗರಣೆ-ಮಿರ್ಚಿ ತಿನ್ನಲು ನಿಂತೆವು. ಅಲ್ಲೇ ಕೇಳಿದೆ.

"ಮಾಮ, ಮದುವಿ ಮಾಡೂ ಮುಂದ ನಿನ್ನ ಯಾರರ ಕೇಳಿದ್ರಾ?"

"ನನ್ನ ಯಾರ್ ಕೇಳ್ತಾರ? ಅಕ್ಕ ಹೇಳಿದ್ಲು, ಆತು ಅಂದೆ." ಸ್ವಲ್ಪ ಹೊತ್ತು ಒಗ್ಗರಣೆ ಕಲಸಿದ. "ನಿನ್ನ ಒಂದು ಮಾತು ಕೇಳ್ಬೇಕು ಅಂತಿತ್ತು. ನೀ ನರ್ಸಿಂಗ್ ಓದಿದಾಕಿ, ನಾ ಐಟಿಐ. ಕೇಳಿದ್ರ ನೀ ಒಲ್ಲೆ ಅಂದ್ರ ಏನ್ ಮಾಡ್ಲಿ ಅಂತ ಸುಮ್ನಾದೆ."

ಇಷ್ಟು ವರ್ಷ ಇದನ್ನು ಇಟ್ಟುಕೊಂಡು ಡಂಪರ್ ಕೆಳಗೆ ಮಲಗಿ ಬೋಲ್ಟ್ ತಿರುಗಿಸಿಕೊಂಡಿದ್ದನಲ್ಲ!

"ಈಗ ಕೇಳ್ತೀನಿ. ನಿನಗ ನಾ ಆಗಬೌದಾ?" ಅಂದ. ನಗುತ್ತಿರಲಿಲ್ಲ.

"ಯೋಚನಿ ಮಾಡಿ ಹೇಳ್ತೀನಿ" ಅಂದೆ. ನಿಜವಾಗಿಯೂ ಯೋಚಿಸಿದೆ. ಅನಂತಶಯನಗುಡಿಯ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು. ಅದಿರಿನ ಗೂಡ್ಸ್ ಬಂಡಿ ಹೋಗುವವರೆಗೂ ಕಾದು, ಸದ್ದು ನಿಂತ ಮೇಲೆ ಹಿಂದಿನಿಂದ ಅವನ ಕಿವಿಗೆ "ಹ್ಞೂಂ" ಅಂದೆ. ಅವನು ಸ್ಕೂಟರ್ ಚಾಲೂ ಮಾಡಲು ಮರೆತ. ಹಿಂದಿದ್ದ ಲಾರಿಯವನು ಹಾರ್ನ್ ಹೊಡೆದು ಬೈದ.

ಅದನ್ನೇ ಬರೆದೆ. ಮದುವೆಯ ಹೊತ್ತಿಗೆ ನಮ್ಮಿಬ್ಬರನ್ನೂ ಯಾರೂ ಕೇಳಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ, ಈಗ ನನ್ನ ಗಂಡ ಕೇಳಿದ್ದಾನೆ, ನಾನು ಒಪ್ಪಿದ್ದೇನೆ ಎಂದು. ಮೊದಲ ಸಾಲು ತೆಗೆಯಿರಿ, ಅಪಾಯ ಎಂದರು ವಕೀಲರು. ತೆಗೆಯಲಿಲ್ಲ. ಹೋದರೆ ನಿಜ ಹೇಳಿ ಹೋಗುತ್ತೇನೆ, ಉಳಿದರೆ ನಿಜ ಹೇಳಿ ಉಳಿಯುತ್ತೇನೆ ಎಂದು ಕಳಿಸಿಬಿಟ್ಟೆ.

ಪಿಆರ್ ಬಂತು. ಮೂವರಿಗೂ ಬಂತು. ಅವ್ವ ಓಣಿಗೆಲ್ಲ ಪೇಡೆ ಹಂಚಿ, ಆಮೇಲೆ ಅಡುಗೆಮನೆಯಲ್ಲಿ ಕೂತು ಅತ್ತಳು.

ಹೊರಡುವ ಹಿಂದಿನ ವಾರ ಕಂಪ್ಲಿಯ ಮನೆಯಲ್ಲಿ ಎಲ್ಲರೂ ಊಟ ಮಾಡಿ ಕೂತಿದ್ದೆವು. ಮಗಳು ಅವ್ವನ ತೊಡೆಯ ಮೇಲಿದ್ದಳು. ಡಿಪ್ಲೊಮಾ ಓದುವ ನನ್ನ ತಮ್ಮ ಮೂಲೆಯಲ್ಲಿ ಫೋನು ನೋಡುತ್ತಿದ್ದ. ಅವ್ವ ಮೊಮ್ಮಗಳ ಗಲ್ಲ ಹಿಡಿದು, "ಯಾವ ದೇಶಕ್ಕ ಕರ್ಕಂಡು ಹೋದ್ರೂ ಈಕಿ ನನ್ನ ಮಗಗ ಮತ್ತ, ನೆಪ್ಪಿರ್ಲಿ" ಅಂದಳು. ಎಲ್ಲರೂ ನಕ್ಕರು. ನನ್ನ ತೊಟ್ಟಿಲ ಹತ್ತಿರ ನಕ್ಕ ಹಾಗೆಯೇ ಇರಬೇಕು.

"ಅವ್ವಾ, ಆಕೀನ ಕೇಳಿ ಹೇಳು."

"ಐದು ವರ್ಸದ ಕೂಸಿಗೆ ಏನ್ ಕೇಳ್ಲೇ?"

"ಹಂಗಾರ ಈಗ ಹೇಳೂದೂ ಬ್ಯಾಡ."

ನಗು ನಿಂತಿತು. ಮೂಲೆಯಿಂದ ತಮ್ಮ, "ನನ್ನೂ ಯಾರೂ ಕೇಳಿಲ್ಲ ಬಿಡ್ರಿ" ಅಂದ. ಮಾಮ ಅವ್ವನ ಮುಖ ನೋಡದೆ, "ಅಕ್ಕಾ, ಆಕಿ ಹೇಳೂದು ಖರೇ ಐತಿ" ಅಂದ. ಅವ್ವ ನೊಂದಳೆಂದು ನನಗೆ ಗೊತ್ತಾಯಿತು. ಗೊತ್ತಾದರೂ ಮಾತು ವಾಪಸು ತೆಗೆದುಕೊಳ್ಳಲಿಲ್ಲ.

ಆಮೇಲೆ ಅವಳು ಮೊಮ್ಮಗಳ ಕೂದಲು ಹಿಂದಕ್ಕೆ ಸರಿಸಿ, ಅವಳ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಹಂಗಾರ ಕೇಳ್ತೀನಿ ತಡಿ. ನಿಮ್ಮವ್ವ ಕರ್ಕಂಡು ಹೋಗಾಕ ಹತ್ತಾಳಲ್ಲ, ಆ ದೇಶಕ್ಕ ಹೋಗಾಕ ನಿನಗ ಮನಸೈತೇನವ್ವಾ?"

ಅಷ್ಟೆಲ್ಲ ಫಾರ್ಮು ತುಂಬಿದವಳು ನಾನು. ಆ ಪ್ರಶ್ನೆಯನ್ನು ನಾನೂ ಅವಳಿಗೆ ಕೇಳಿರಲಿಲ್ಲ. ಮಗಳು ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು. ಟಿಕೆಟ್ ಆಗಿತ್ತು, ಪೆಟ್ಟಿಗೆ ಕಟ್ಟಿ ಆಗಿತ್ತು. ಆದರೂ ಬಾಯಿ ಮುಚ್ಚಿಕೊಂಡು, ಅವಳು ಏನು ಹೇಳುತ್ತಾಳೋ ಎಂದು ಕಾದೆ.